ಇರುಳಿನ ಉದ್ದ, ಪ್ರಾಣಿಗಳ ಪಂಚಾಂಗ

(ಪದವಿ ಕಾಲೇಜೊಂದರಲ್ಲಿ ಪ್ರಾಣಿವಿಜ್ಞಾನದ ವಿದ್ಯಾರ್ಥಿಗಳಿಗೂ ಊರಿನ ಆಸಕ್ತರಿಗೂ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ; ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಗದಗ ಜಿಲ್ಲೆಯ ಮಾಗಡಿ ಕೆರೆಯ ದಂಡೆಯ ಮೇಲೆ ಜನವರಿಯ ಬೆಳಗಿನ ಹೊತ್ತು ನಿಂತವರಿಗೆ ಮೊದಲು ತಿಳಿಯುವುದು ಹೆಬ್ಬಾತುಗಳ ಗದ್ದಲ. ಸುತ್ತಲಿನ ಹೊಲಗಳಲ್ಲಿ ಮೇದು ಬಂದ ಪಟ್ಟೆತಲೆಯ ಹೆಬ್ಬಾತುಗಳು ಸಾಲುಸಾಲಾಗಿ ನೀರಿಗಿಳಿದು ರೆಕ್ಕೆ ಮಡಚುತ್ತವೆ. ಬಿಳಿಯ ತಲೆಯ ಹಿಂಭಾಗದಲ್ಲಿ ಅಡ್ಡಲಾಗಿ ಎಳೆದಂತಿರುವ ಎರಡು ಕಪ್ಪು ಪಟ್ಟೆಗಳನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಮಂಗೋಲಿಯಾ ಮತ್ತು ಟಿಬೆಟ್‌ನ ಎತ್ತರದ ಸರೋವರಗಳ ಬಳಿ ಮರಿ ಮಾಡುವ ಈ ಹಕ್ಕಿಗಳು ಚಳಿಗಾಲ ಕಳೆಯಲು ಹಿಮಾಲಯವನ್ನು ದಾಟಿ ಇಲ್ಲಿಯವರೆಗೆ ಬರುತ್ತವೆ, ಬೇಸಿಗೆ ಬಲಿಯುವುದರೊಳಗೆ ಕೆರೆಯನ್ನು ಬಿಟ್ಟು ಹೊರಡುತ್ತವೆ. ಇಲ್ಲಿ ಸೆಕೆ ಹೆಚ್ಚಿತು, ಆದ್ದರಿಂದ ಹೊರಟವು ಎಂದು ಹೇಳಿಬಿಡುವುದು ಸುಲಭ. ಆದರೆ ಅಷ್ಟು ದೂರ ಹಾರಬೇಕಾದ ಹಕ್ಕಿ ಹೊರಡುವ ಮೊದಲೇ ಮೈಯಲ್ಲಿ ಕೊಬ್ಬನ್ನು ಕೂಡಿಟ್ಟುಕೊಂಡಿರಬೇಕು, ಅಲ್ಲಿ ತಲುಪಿದ ಕೆಲವೇ ದಿನಗಳಲ್ಲಿ ಮೊಟ್ಟೆಯಿಡುವುದಕ್ಕೆ ದೇಹ ಅಣಿಯಾಗಿರಬೇಕು. ಈ ಸಿದ್ಧತೆಗೆ ವಾರಗಟ್ಟಲೆ ಕಾಲ ಹಿಡಿಯುತ್ತದೆ. ಸೆಕೆ ತಟ್ಟಿದ ಮೇಲೆ ತಯಾರಿ ಆರಂಭಿಸಿದರೆ ಹೊತ್ತು ಮೀರಿರುತ್ತದೆ. ಟಿಬೆಟ್‌ನಲ್ಲಿ ಹಿಮ ಕರಗುತ್ತಿದೆ ಎಂಬ ಸುದ್ದಿ ಮಾಗಡಿ ಕೆರೆಗೆ ತಲುಪುವ ದಾರಿಯೂ ಇಲ್ಲ.

ಹಾಗಾದರೆ ಹಕ್ಕಿಗೆ ಮಾಸ ಯಾವುದೆಂದು ತಿಳಿಯುವುದು ಹೇಗೆ? ಮಳೆ ಒಂದು ವರ್ಷ ಬೇಗ, ಇನ್ನೊಂದು ವರ್ಷ ತಡ. ಚಳಿಯೂ ಹಾಗೆಯೇ. ಎಂದೂ ತಪ್ಪದೆ, ಪ್ರತಿ ವರ್ಷವೂ ಅದೇ ದಿನ ಅದೇ ಅಳತೆಗೆ ಬರುವುದು ಒಂದೇ, ಹಗಲು ಇರುಳುಗಳ ಉದ್ದ. ಮಾಗಡಿಯ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯ ವಾರ ಹಗಲು ಸುಮಾರು 11 ಗಂಟೆ 15 ನಿಮಿಷ; ಮಾರ್ಚ್ ನಡುವಿನ ವೇಳೆಗೆ ಅದು 12 ಗಂಟೆ ಮುಟ್ಟಿರುತ್ತದೆ. ಈ ಮುಕ್ಕಾಲು ಗಂಟೆಯ ವ್ಯತ್ಯಾಸವನ್ನು ಗಡಿಯಾರವಿಲ್ಲದೆ ನಾವು ಗಮನಿಸುವುದೂ ಕಷ್ಟ. ಪ್ರಾಣಿಗಳ ದೇಹ ಅದನ್ನು ಹೇಗೆ ಅಳೆಯುತ್ತದೆ, ಅಳೆದದ್ದನ್ನು ಯಾವ ಹಾರ್ಮೋನುಗಳ ಭಾಷೆಗೆ ತಿರುಗಿಸುತ್ತದೆ ಎಂಬುದೇ ಇಂದಿನ ಉಪನ್ಯಾಸದ ವಿಷಯ.

ಮೊದಲು ಒಂದು ಸರಳ ಲೆಕ್ಕವನ್ನು ನೋಡೋಣ. ಶೀತವಲಯದಲ್ಲಿ ಮರಿ ಹುಟ್ಟುವುದಕ್ಕೆ ಯೋಗ್ಯ ಕಾಲವೆಂದರೆ ಎಳೆ ಹುಲ್ಲು ಚಿಗುರುವ ವಸಂತ. ಕುದುರೆಯ ಗರ್ಭಾವಧಿ ಸುಮಾರು 11 ತಿಂಗಳು. ವಸಂತದಲ್ಲಿ ಈಯಬೇಕಾದರೆ ಅದು ಹಿಂದಿನ ವಸಂತ ಅಥವಾ ಬೇಸಿಗೆಯಲ್ಲಿ, ಹಗಲು ಉದ್ದವಿರುವಾಗ ಬೆದೆಗೆ ಬರಬೇಕು. ಕುರಿಯ ಗರ್ಭಾವಧಿ ಸುಮಾರು 5 ತಿಂಗಳು. ಅದೇ ವಸಂತದಲ್ಲಿ ಈಯುವುದಕ್ಕೆ ಅದು ಹಗಲು ಕುಗ್ಗುತ್ತಿರುವ ಅಕ್ಟೋಬರ್ ಹೊತ್ತಿಗೆ ಬೆದೆಗೆ ಬರಬೇಕು. ಒಂದೇ ಗುರಿಯನ್ನು ಮುಟ್ಟುವುದಕ್ಕೆ ಒಂದು ಪ್ರಾಣಿ ಹಗಲು ಬೆಳೆಯುವುದನ್ನೂ ಇನ್ನೊಂದು ಹಗಲು ತಗ್ಗುವುದನ್ನೂ ಸೂಚನೆಯಾಗಿ ಹಿಡಿದಿದೆ. ಪಠ್ಯಪುಸ್ತಕಗಳು ಇವನ್ನು ದೀರ್ಘಹಗಲಿನ ಪ್ರಾಣಿ, ಹ್ರಸ್ವಹಗಲಿನ ಪ್ರಾಣಿ ಎಂದು ಎರಡು ಪಟ್ಟಿಗಳಲ್ಲಿ ಬರೆಸಿ ಬಾಯಿಪಾಠ ಮಾಡಿಸುತ್ತವೆ. ಪಟ್ಟಿಗಿಂತ ಹಿಂದಿರುವ ಈ ಗರ್ಭಾವಧಿಯ ಲೆಕ್ಕವನ್ನು ನೆನಪಿಟ್ಟರೆ ಬಾಯಿಪಾಠದ ಅಗತ್ಯ ಬೀಳುವುದಿಲ್ಲ.

ಹಗಲಿನ ಉದ್ದಕ್ಕೆ ಇಂಥ ಅಧಿಕಾರವಿದೆ ಎಂಬುದು ಮೊದಲು ಸ್ಪಷ್ಟವಾದದ್ದು ಗಿಡಗಳಲ್ಲಿ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬಿಬ್ಬರು ಬೇಸಿಗೆಯಲ್ಲಿ ಎಷ್ಟು ಎತ್ತರ ಬೆಳೆದರೂ ಹೂ ಬಿಡದ ತಂಬಾಕಿನ ತಳಿಯೊಂದನ್ನು ಕತ್ತಲೆಯ ಕೋಣೆಗೆ ದಿನವೂ ಒಯ್ದು, ಹಗಲನ್ನು ಕೃತಕವಾಗಿ ಕಿರಿದುಗೊಳಿಸಿ ಹೂ ಬಿಡಿಸಿದರು. 1920ರಲ್ಲಿ ಅದನ್ನು ಪ್ರಕಟಿಸಿದರು. ಪ್ರಾಣಿಗಳಲ್ಲಿ ಆ ಕೆಲಸ ಮಾಡಿದವರು ಕೆನಡಾದ ಎಡ್ಮಂಟನ್ ನಗರದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿದ್ದ ವಿಲಿಯಂ ರೋವನ್. ಅವರು 1924ರ ಶರತ್ಕಾಲದಲ್ಲಿ ಜಂಕೊ ಎಂಬ, ಗುಬ್ಬಚ್ಚಿಯ ಗಾತ್ರದ ವಲಸೆ ಹಕ್ಕಿಗಳನ್ನು ಹಿಡಿದು ತೆರೆದ ಬಯಲಿನ ಪಂಜರಗಳಲ್ಲಿಟ್ಟರು. ಒಂದು ಪಂಜರದಲ್ಲಿ ವಿದ್ಯುತ್ ಬಲ್ಬುಗಳನ್ನು ತೂಗುಹಾಕಿ, ಸೂರ್ಯ ಮುಳುಗಿದ ಮೇಲೆ ದಿನದಿನಕ್ಕೆ ಕೆಲವು ನಿಮಿಷ ಹೆಚ್ಚು ಹೊತ್ತು ಉರಿಸುತ್ತ ಹೋದರು. ಪಂಜರಗಳಿಗೆ ಬೆಂಕಿಯ ಕಾವು ಇರಲಿಲ್ಲ. ಎಡ್ಮಂಟನ್ನಿನ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಆ ಹಿಮದ ನಡುವೆಯೇ ಬಲ್ಬಿನ ಕೆಳಗಿನ ಗಂಡು ಹಕ್ಕಿಗಳಲ್ಲಿ, ಸಾಸಿವೆ ಕಾಳಿನಂತೆ ಕುಗ್ಗಿರಬೇಕಾದ ವೃಷಣಗಳು ವಸಂತಕಾಲದ ಗಾತ್ರದತ್ತ ಬೆಳೆದಿದ್ದವು. ಬಲ್ಬಿಲ್ಲದ ಪಂಜರದ ಹಕ್ಕಿಗಳಲ್ಲಿ ಏನೂ ಆಗಿರಲಿಲ್ಲ. 1925ರಲ್ಲಿ ಪ್ರಕಟವಾದ ಈ ಪ್ರಯೋಗ ಋತುಜೀವನದ ಹಿಂದೆ ಶಾಖವಿದೆ ಎಂಬ ನಂಬಿಕೆಯನ್ನು ಒಂದೇ ಏಟಿಗೆ ಬೀಳಿಸಿತು.

ಇಲ್ಲೊಂದು ಉಪಕಥೆ ಹೇಳಲೇಬೇಕು. ಬೆಳಕು ನೇರವಾಗಿ ಕೆಲಸ ಮಾಡುತ್ತದೆ ಎಂದು ಸ್ವತಃ ರೋವನ್ ನಂಬಲಿಲ್ಲ. ಬೆಳಕಿದ್ದರೆ ಹಕ್ಕಿ ಹೆಚ್ಚು ಹೊತ್ತು ಎಚ್ಚರವಿರುತ್ತದೆ, ಎಚ್ಚರವಿದ್ದರೆ ಹೆಚ್ಚು ಓಡಾಡುತ್ತದೆ, ಆ ವ್ಯಾಯಾಮದಿಂದಲೇ ವೃಷಣ ಬೆಳೆಯುತ್ತದೆ ಎಂದು ಅವರು ವಾದಿಸಿದರು. ಪ್ರಯೋಗ ಸರಿ, ವಿವರಣೆ ತಪ್ಪು. ವಿದ್ಯಾರ್ಥಿಗಳಿಗೆ ನಾನು ಇದನ್ನು ಪ್ರತಿ ವರ್ಷ ಹೇಳುತ್ತೇನೆ, ಏಕೆಂದರೆ ಪರೀಕ್ಷೆಯ ಉತ್ತರಗಳಲ್ಲಿ ವಿಜ್ಞಾನಿಗಳೆಲ್ಲ ಮೊದಲ ದಿನದಿಂದಲೇ ಸರಿಯಾಗಿದ್ದವರಂತೆ ಬರೆಯುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ.

ಬೆಳಕನ್ನು ಕಾಣುವುದು ಯಾವ ಅಂಗ ಎಂಬ ಪ್ರಶ್ನೆಗೆ ಉತ್ತರ ಸುಲಭವೆಂದು ತೋರಬಹುದು. ಆದರೆ ಫ್ರಾನ್ಸಿನ ಝಾಕ್ ಬೆನ್ವಾ 1930ರ ದಶಕದಲ್ಲಿ ಬಾತುಕೋಳಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಕಣ್ಣಿಲ್ಲದ ಬಾತುಗಳೂ ದೀರ್ಘಹಗಲಿಗೆ ಸ್ಪಂದಿಸಿದವು. ಬೆಳಕನ್ನು ನೇರವಾಗಿ ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಭಾಗಕ್ಕೆ ಹಾಯಿಸಿದಾಗಲೂ ಅದೇ ಫಲ ಬಂತು. ಹಕ್ಕಿಯ ತಲೆಬುರುಡೆ ತೆಳುವಾದದ್ದು. ಗರಿ, ಚರ್ಮ, ಮೂಳೆಗಳನ್ನು ದಾಟಿ ಒಳಗಿಳಿಯುವ ಅಲ್ಪ ಬೆಳಕನ್ನು ಹಿಡಿಯುವ ಕೋಶಗಳು ಮಿದುಳಿನಲ್ಲಿಯೇ ಇವೆ. ಮೊಟ್ಟೆಕೋಳಿಯ ಫಾರಂ ನಡೆಸುವವರಿಗೆ ಈ ಶಾಸ್ತ್ರ ಗೊತ್ತಿರಲಿ ಬಿಡಲಿ, ಅದರ ಉಪಯೋಗ ಮಾತ್ರ ಚೆನ್ನಾಗಿ ಗೊತ್ತು. ಬೆಳಗಿನ ಜಾವ ಹೆದ್ದಾರಿಯ ಬದಿಯ ಶೆಡ್ಡುಗಳಲ್ಲಿ ಸಾಲು ಬಲ್ಬುಗಳು ಉರಿಯುವುದನ್ನು ನೀವು ಕಂಡಿರುತ್ತೀರಿ. ಮೊಟ್ಟೆಯಿಡುವ ವಯಸ್ಸಿಗೆ ಬಂದ ಕೋಳಿಗಳಿಗೆ ಹಗಲನ್ನೂ ದೀಪವನ್ನೂ ಕೂಡಿಸಿ ದಿನಕ್ಕೆ ಸುಮಾರು 16 ಗಂಟೆ ಬೆಳಕು ಸಿಗುವಂತೆ ನೋಡಿಕೊಳ್ಳುವುದು ಫಾರಂಗಳ ರೂಢಿ. ಮರಿಗಳು ಬೆಳೆಯುವ ಹಂತದಲ್ಲಿ ಮಾತ್ರ ಬೆಳಕಿನ ಅವಧಿಯನ್ನು ಹೆಚ್ಚಿಸಬಾರದು ಎಂಬ ಎಚ್ಚರಿಕೆಯನ್ನೂ ಅವರು ಪಾಲಿಸುತ್ತಾರೆ. ಎಡ್ಮಂಟನ್ನಿನ ಪಂಜರಕ್ಕೂ ನಮ್ಮ ಶೆಡ್ಡುಗಳಿಗೂ ತತ್ತ್ವ ಒಂದೇ. ಸಸ್ತನಿಗಳಲ್ಲಿ ಮಾತ್ರ ಈ ಕೆಲಸಕ್ಕೆ ಕಣ್ಣೇ ಬೇಕು, ಬೇರೆ ದಾರಿಯಿಲ್ಲ.

ಬೆಳಕು ಒಳಗೆ ಬಂದಿತು. ಅದರ ಉದ್ದವನ್ನು ಅಳೆಯುವುದು ಹೇಗೆ? ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದ ಭಾಗ ಇದು. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಮರಳು ಗಡಿಯಾರದಂತೆ ಬೆಳಕು ಇದ್ದಷ್ಟು ಹೊತ್ತು ಯಾವುದೋ ರಾಸಾಯನಿಕ ಕೂಡಿಕೊಳ್ಳುತ್ತದೆ, ಒಂದು ಮಟ್ಟ ಮೀರಿದರೆ ದೀರ್ಘಹಗಲು ಎಂದು ದೇಹ ತೀರ್ಮಾನಿಸುತ್ತದೆ ಎಂದು ಊಹಿಸಬಹುದು. ಜರ್ಮನಿಯ ಸಸ್ಯವಿಜ್ಞಾನಿ ಎರ್ವಿನ್ ಬ್ಯೂನಿಂಗ್ 1936ರಲ್ಲಿ ಬೇರೊಂದು ಊಹೆಯನ್ನು ಮುಂದಿಟ್ಟರು. ಜೀವಿಯೊಳಗೆ ಸುಮಾರು 24 ಗಂಟೆಗೊಮ್ಮೆ ಸುತ್ತುವ ಗಡಿಯಾರವಿದೆ. ಆ ಸುತ್ತಿನಲ್ಲಿ ಬೆಳಕಿಗೆ ಸ್ಪಂದಿಸುವ ಒಂದು ಜಾವ, ಸ್ಪಂದಿಸದ ಇನ್ನೊಂದು ಜಾವ ಇವೆ. ಸ್ಪಂದಿಸುವ ಜಾವದಲ್ಲಿ ಬೆಳಕು ಬಿದ್ದರೆ ಮಾತ್ರ ಅದು ದೀರ್ಘಹಗಲು ಎಂಬ ಲೆಕ್ಕ. ಅಂದರೆ ಬೆಳಕು ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದು ಮುಖ್ಯ.

ಈ ಎರಡು ಊಹೆಗಳಲ್ಲಿ ಯಾವುದು ಸರಿ ಎಂಬುದನ್ನು 1972ರಲ್ಲಿ ಎಲಿಯಟ್, ಸ್ಟೆಟ್ಸನ್ ಮತ್ತು ಮೆನೇಕರ್ ಅವರು ಸಿರಿಯಾ ಮೂಲದ ಹ್ಯಾಮ್‌ಸ್ಟರ್‌ಗಳ ಮೇಲೆ ಪರೀಕ್ಷಿಸಿದರು. ಹ್ಯಾಮ್‌ಸ್ಟರ್ ಎಂಬುದು ಮೋಟು ಬಾಲದ, ಇಲಿಯ ಬಳಗದ ಪ್ರಾಣಿ. ದಿನಕ್ಕೆ ಹನ್ನೆರಡೂವರೆ ಗಂಟೆಗಿಂತ ಕಡಿಮೆ ಬೆಳಕು ಸಿಕ್ಕರೆ ಅದರ ವೃಷಣಗಳು ಕೆಲವು ವಾರಗಳಲ್ಲಿ ಕುಗ್ಗಿಹೋಗುತ್ತವೆ. ಪ್ರಯೋಗದಲ್ಲಿ ಎಲ್ಲ ಗುಂಪುಗಳಿಗೂ ಒಂದು ಸಲಕ್ಕೆ ಆರೇ ಗಂಟೆಯ ಬೆಳಕು. ಆದರೆ ಆ ಬೆಳಕಿನ ನಂತರದ ಕತ್ತಲೆ ಒಂದು ಗುಂಪಿಗೆ 18 ಗಂಟೆ, ಮತ್ತೊಂದಕ್ಕೆ 30, ಮೂರನೆಯದಕ್ಕೆ 42, ನಾಲ್ಕನೆಯದಕ್ಕೆ 54. ಅಂದರೆ ಕೃತಕ ದಿನದ ಒಟ್ಟು ಉದ್ದ ಕ್ರಮವಾಗಿ 24, 36, 48 ಮತ್ತು 60 ಗಂಟೆ. ಮರಳು ಗಡಿಯಾರದ ಊಹೆ ನಿಜವಾಗಿದ್ದರೆ ನಾಲ್ಕೂ ಗುಂಪುಗಳಲ್ಲಿ ವೃಷಣ ಕುಗ್ಗಬೇಕಿತ್ತು, ಏಕೆಂದರೆ ಎಲ್ಲಕ್ಕೂ ಸಿಕ್ಕಿದ್ದು ಆರು ಗಂಟೆಯ ಗಿಡ್ಡ ಹಗಲು. ನಡೆದದ್ದು ಹಾಗಲ್ಲ. 24 ಮತ್ತು 48 ಗಂಟೆಯ ಗುಂಪುಗಳಲ್ಲಿ ವೃಷಣ ಕುಗ್ಗಿತು. 36 ಮತ್ತು 60 ಗಂಟೆಯ ಗುಂಪುಗಳಲ್ಲಿ ಪೂರ್ಣ ಗಾತ್ರದಲ್ಲಿಯೇ ಉಳಿಯಿತು. ಕಾಗದದ ಮೇಲೆ ಒಂದು ಗೆರೆ ಎಳೆದು 24 ಗಂಟೆಗೊಂದು ಗುರುತು ಹಾಕಿ ನೋಡಿ. 24 ಮತ್ತು 48 ಗಂಟೆಯ ಚಕ್ರಗಳಲ್ಲಿ ಬೆಳಕು ಯಾವಾಗಲೂ ಪ್ರಾಣಿಯ ಒಳಗಡಿಯಾರದ ಒಂದೇ ಜಾವದ ಮೇಲೆ ಬೀಳುತ್ತದೆ. 36 ಮತ್ತು 60ರಲ್ಲಿ ಒಮ್ಮೆ ಅದರ ಹಗಲಿನ ಜಾವದಲ್ಲಿ, ಮರುಸಲ ಅದರ ನಡುರಾತ್ರಿಯಲ್ಲಿ ಬೀಳುತ್ತದೆ. ಒಟ್ಟು ಬೆಳಕು ಕಡಿಮೆಯಾಗಿದ್ದರೂ, ನಡುರಾತ್ರಿಯಲ್ಲಿ ಬಿದ್ದ ಆ ಬೆಳಕೇ ಹ್ಯಾಮ್‌ಸ್ಟರ್‌ಗೆ ಬೇಸಿಗೆಯ ಸೂಚನೆಯಾಯಿತು. ಇಷ್ಟು ಕಡಿಮೆ ಸಲಕರಣೆಯಲ್ಲಿ, ಒಂದು ದೀಪ ಮತ್ತು ಒಂದು ಟೈಮರಿನಲ್ಲಿ, ಇಷ್ಟು ದೊಡ್ಡ ಪ್ರಶ್ನೆ ತೀರ್ಮಾನವಾದ ಉದಾಹರಣೆಗಳು ಜೀವವಿಜ್ಞಾನದಲ್ಲಿ ಬಹಳ ಇಲ್ಲ.

ಬ್ಯೂನಿಂಗ್ ಅವರ ಈ ವಿಚಾರಧಾರೆ ಭಾರತಕ್ಕೆ ಬಂದದ್ದರಲ್ಲಿ ಎಂ.ಕೆ. ಚಂದ್ರಶೇಖರನ್ ಅವರ ಪಾತ್ರ ದೊಡ್ಡದು. ಟ್ಯೂಬಿಂಗೆನ್‌ನಲ್ಲಿ ಬ್ಯೂನಿಂಗ್ ಅವರೊಡನೆ ಕೆಲಸ ಮಾಡಿ ಬಂದ ಅವರು ಮದುರೈನಲ್ಲಿ ಗುಹೆಯ ಬಾವಲಿಗಳ ದಿನಚರಿಯನ್ನು ಅಭ್ಯಸಿಸಿದರು, ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜೈವಿಕ ಗಡಿಯಾರಗಳ ಅಧ್ಯಯನವನ್ನು ಬೆಳೆಸಿದರು.

ಇನ್ನು ಹಾರ್ಮೋನಿಗೆ ಬರೋಣ. ಸಸ್ತನಿಗಳಲ್ಲಿ ಕಣ್ಣಿನ ಹಿಂಪರದೆಯಿಂದ ಹೊರಟ ನರವೊಂದು ಮಿದುಳಿನ ಬುಡದಲ್ಲಿರುವ, ಅಕ್ಕಿಕಾಳಿಗಿಂತ ಚಿಕ್ಕದಾದ ಎರಡು ನರಕೋಶಗುಚ್ಛಗಳಿಗೆ ತಲುಪುತ್ತದೆ. ಇದೇ ಒಳಗಡಿಯಾರ. ಅಲ್ಲಿಂದ ಸಂದೇಶ ಬೆನ್ನುಹುರಿಯವರೆಗೆ ಇಳಿದು, ಕುತ್ತಿಗೆಯ ನರಗ್ರಂಥಿಯೊಂದನ್ನು ಹಾದು, ಮತ್ತೆ ಮೇಲೇರಿ ಮಿದುಳಿನೊಳಗಿನ ಪುಟ್ಟ ಪೀನಿಯಲ್ ಗ್ರಂಥಿಗೆ ಸೇರುತ್ತದೆ. ಮಿದುಳಿನಿಂದ ಮಿದುಳಿಗೆ ಹೋಗಲು ಕುತ್ತಿಗೆಯವರೆಗೆ ಇಳಿದು ಬರುವ ಈ ಸುತ್ತುದಾರಿ ಏಕೆಂದು ವಿದ್ಯಾರ್ಥಿಗಳು ಕೇಳುತ್ತಾರೆ. ವಿಕಾಸವು ಹೊಸದಾಗಿ ನಕ್ಷೆ ಬರೆಯುವುದಿಲ್ಲ, ಇದ್ದ ತಂತಿಯನ್ನೇ ಎಳೆಯುತ್ತದೆ ಎಂದಷ್ಟೇ ಹೇಳಬಲ್ಲೆ. ಪೀನಿಯಲ್ ಗ್ರಂಥಿ ಕತ್ತಲಾದಾಗ ಮೆಲಟೊನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ, ಬೆಳಕು ಹರಿದಾಗ ನಿಲ್ಲಿಸುತ್ತದೆ. ನಡುರಾತ್ರಿಯಲ್ಲಿ ದೀಪ ಹಾಕಿದರೂ ಅದರ ಮಟ್ಟ ಬೇಗನೆ ಬಿದ್ದುಹೋಗುತ್ತದೆ.

ಮೆಲಟೊನಿನ್ ಅನ್ನು 1958ರಲ್ಲಿ ಬೇರ್ಪಡಿಸಿದವರು ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್. ಅವರು ಚರ್ಮರೋಗದ ವೈದ್ಯರು; ಹುಡುಕುತ್ತಿದ್ದದ್ದು ಚರ್ಮದ ಬಣ್ಣವನ್ನು ನಿಯಂತ್ರಿಸುವ ವಸ್ತುವನ್ನು. ದನಗಳ ಪೀನಿಯಲ್ ಗ್ರಂಥಿಗಳನ್ನು ರಾಶಿಗಟ್ಟಲೆ ಅರೆದು ತೆಗೆದ ಸಾರ ಕಪ್ಪೆಯ ಚರ್ಮವನ್ನು ಬಿಳಿಚಿಸಿತು, ಹೆಸರೂ ಅದರಿಂದಲೇ ಬಂತು. ಅದಕ್ಕೂ ಋತುಗಳಿಗೂ ನಂಟಿದೆ ಎಂಬ ಸುಳಿವು ಸಿಕ್ಕಿದ್ದು 1965ರಲ್ಲಿ. ಪೀನಿಯಲ್ ತೆಗೆದ ಹ್ಯಾಮ್‌ಸ್ಟರ್‌ಗಳನ್ನು ಕತ್ತಲಲ್ಲಿಟ್ಟರೂ ಅವುಗಳ ವೃಷಣ ಕುಗ್ಗುವುದಿಲ್ಲ ಎಂದು ಹಾಫ್‌ಮನ್ ಮತ್ತು ರೈಟರ್ ತೋರಿಸಿದರು.

ಇದನ್ನು ಕೇಳಿದೊಡನೆ ಮೆಲಟೊನಿನ್ ಸಂತಾನಶಕ್ತಿಯನ್ನು ತಡೆಯುವ ಹಾರ್ಮೋನು ಎಂದು ಬರೆದುಬಿಡುವ ಆತುರ ಎಲ್ಲರಿಗೂ ಬರುತ್ತದೆ. ಬಹಳ ಕಾಲ ಹಾಗೆಯೇ ಬರೆಯುತ್ತಿದ್ದರು. ಆದರೆ ಪೀನಿಯಲ್ ತೆಗೆದ ಪ್ರಾಣಿಗಳಿಗೆ ಪ್ರತಿ ರಾತ್ರಿಯೂ ನಿಗದಿಯಾದಷ್ಟು ಗಂಟೆ ಮೆಲಟೊನಿನ್ ಅನ್ನು ಹನಿಹನಿಯಾಗಿ ರಕ್ತಕ್ಕೆ ಹಾಯಿಸುವ ಪ್ರಯೋಗಗಳು 1980ರ ಹೊತ್ತಿಗೆ ಆರಂಭವಾದಾಗ ಚಿತ್ರ ಬದಲಾಯಿತು. ಹೆಚ್ಚು ಹೊತ್ತು ಹಾಯಿಸಿದರೆ ಹ್ಯಾಮ್‌ಸ್ಟರ್‌ನ ವೃಷಣ ಕುಗ್ಗುತ್ತದೆ, ಕಡಿಮೆ ಹೊತ್ತು ಹಾಯಿಸಿದರೆ ಬೆಳೆಯುತ್ತದೆ. ಕುರಿಗೆ ಹೆಚ್ಚು ಹೊತ್ತು ಹಾಯಿಸಿದರೆ ಅದು ಬೆದೆಗೆ ಬರುತ್ತದೆ, ಕಡಿಮೆ ಹೊತ್ತು ಹಾಯಿಸಿದರೆ ಬೆದೆ ನಿಲ್ಲುತ್ತದೆ. ಒಂದೇ ಹಾರ್ಮೋನು, ಒಂದೇ ಅವಧಿ, ನೇರ ವಿರುದ್ಧ ಫಲ. ಹಾಗಾದರೆ ಮೆಲಟೊನಿನ್ ತಾನಾಗಿ ಏನನ್ನೂ ತಡೆಯುವುದಿಲ್ಲ, ಏನನ್ನೂ ಚೋದಿಸುವುದಿಲ್ಲ. ನಿನ್ನೆಯ ರಾತ್ರಿ ಎಷ್ಟು ಉದ್ದವಿತ್ತು ಎಂದು ವರದಿ ಒಪ್ಪಿಸುತ್ತದೆ. ಆ ವರದಿಯ ಮೇಲೆ ಏನು ಮಾಡಬೇಕು ಎಂಬುದನ್ನು ಪ್ರತಿ ಪ್ರಾಣಿಯ ವಂಶವಾಹಿ ತನ್ನ ಗರ್ಭಾವಧಿಗೆ, ತನ್ನ ಊರಿನ ಹುಲ್ಲಿಗೆ ತಕ್ಕಂತೆ ತೀರ್ಮಾನಿಸಿಕೊಂಡಿದೆ. ಔಷಧಿ ಅಂಗಡಿಯಲ್ಲಿ ನಿದ್ರೆಯ ಗುಳಿಗೆಯೆಂದು ಮಾರುವ ಮೆಲಟೊನಿನ್ ವಿಷಯದಲ್ಲಿಯೂ ಇದೇ ಎಚ್ಚರ ಒಳ್ಳೆಯದು: ರಾತ್ರಿಯಿಡೀ ಓಡಾಡುವ ಹ್ಯಾಮ್‌ಸ್ಟರ್‌ನಲ್ಲಿಯೂ ಮೆಲಟೊನಿನ್ ಏರುವುದು ರಾತ್ರಿಯಲ್ಲಿಯೇ.

ವರದಿಯನ್ನು ಓದುವವರು ಯಾರು? ಪಿಟ್ಯುಟರಿ ಗ್ರಂಥಿಯನ್ನು ಮಿದುಳಿಗೆ ಜೋಡಿಸುವ ತೊಟ್ಟಿನ ಸುತ್ತ ತೆಳುವಾಗಿ ಹಬ್ಬಿರುವ ಒಂದು ಪದರವಿದೆ, ಪಾರ್ಸ್ ಟ್ಯೂಬರಾಲಿಸ್ ಎಂದು ಹೆಸರು. ಮೆಲಟೊನಿನ್ ಗ್ರಾಹಕಗಳು ಅಲ್ಲಿ ದಟ್ಟವಾಗಿವೆ. ಅದು ಮುಂದೆ ಯಾರಿಗೆ ಏನು ಹೇಳುತ್ತದೆ ಎಂಬುದು ಮಾತ್ರ ಬಹುಕಾಲ ಒಗಟಾಗಿತ್ತು. ಒಗಟು ಬಿಡಿಸಿದ್ದು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಕಾಶಿ ಯೊಶಿಮುರಾ ಅವರ ತಂಡ, ಅದೂ ಮೆಲಟೊನಿನ್‌ನ ಹಂಗಿಲ್ಲದೆ ಹಗಲನ್ನು ಅಳೆಯಬಲ್ಲ ಹಕ್ಕಿಯೊಂದರ ಮೂಲಕ. ಜಪಾನಿನ ಲಾವಕ್ಕಿ, ನಮ್ಮ ಫಾರಂಗಳಲ್ಲಿ ಗೌಜಲಕ್ಕಿ ಎಂದು ಸಾಕುತ್ತಾರಲ್ಲ, ಅದು ದೀರ್ಘಹಗಲಿಗೆ ಎಷ್ಟು ಚುರುಕಾಗಿ ಸ್ಪಂದಿಸುತ್ತದೆಯೆಂದರೆ ಮೊದಲ ದೀರ್ಘದಿನ ಮುಗಿಯುವುದರೊಳಗೇ ರಕ್ತದಲ್ಲಿ ಸಂತಾನೋತ್ಪತ್ತಿಯ ಹಾರ್ಮೋನು ಏರತೊಡಗುತ್ತದೆ, ಕೆಲವೇ ವಾರಗಳಲ್ಲಿ ವೃಷಣದ ತೂಕ ನೂರು ಪಟ್ಟು ಹೆಚ್ಚುತ್ತದೆ. 2003ರಲ್ಲಿ ಈ ತಂಡ, ದೀರ್ಘಹಗಲಿನಲ್ಲಿ ಹೈಪೊಥಲಾಮಸ್‌ನೊಳಗೆ ಥೈರಾಯ್ಡ್ ಹಾರ್ಮೋನನ್ನು ಚುರುಕುಗೊಳಿಸುವ ಕಿಣ್ವ ಹೆಚ್ಚುತ್ತದೆ ಎಂದು ತೋರಿಸಿತು. 2008ರಲ್ಲಿ ಅದರ ಹಿಂದಿನ ಕೊಂಡಿಯೂ ಸಿಕ್ಕಿತು: ಆ ಮೊದಲ ದೀರ್ಘದಿನ, ಬೆಳಕು ಹರಿದು ಸುಮಾರು 14 ಗಂಟೆಗಳಾಗುವಾಗ, ಪಾರ್ಸ್ ಟ್ಯೂಬರಾಲಿಸ್‌ನಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಚೋದಕ ಹಾರ್ಮೋನು) ತಯಾರಾಗಲು ಆರಂಭವಾಗುತ್ತದೆ.

ಟಿಎಸ್‌ಎಚ್ ಎಂದೊಡನೆ ನಿಮ್ಮಲ್ಲಿ ಕೆಲವರಿಗೆ ರಕ್ತಪರೀಕ್ಷೆಯ ಚೀಟಿ ನೆನಪಾಗಿರಬಹುದು. ಅದೇ ಹಾರ್ಮೋನು. ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೆ ಕೆಲಸ ಹಚ್ಚುವುದೇ ಅದರ ಕಸುಬು ಎಂದು ನಾವೆಲ್ಲ ಓದಿದ್ದೆವು. ಇಲ್ಲಿ ಅದು ಕೆಳಮುಖವಾಗಿ ಹೋಗದೆ, ತಿರುಗಿ ಮಿದುಳಿನ ಕಡೆಗೇ ಹೋಗುತ್ತದೆ. ಅಲ್ಲಿ, ಮಿದುಳಿನ ದ್ರವಕೋಣೆಯ ಗೋಡೆಗೆ ಅಂಟಿಕೊಂಡಿರುವ ಉದ್ದ ಬಾಲದ ಕೋಶಗಳಲ್ಲಿ, ಮೇಲೆ ಹೇಳಿದ ಕಿಣ್ವವನ್ನು ಹೆಚ್ಚಿಸಿ, ಥೈರಾಯ್ಡ್ ಹಾರ್ಮೋನಿನ ಮಂದ ರೂಪವಾದ ಟಿ4 ಅನ್ನು ಚುರುಕು ರೂಪವಾದ ಟಿ3 ಆಗಿ ಮಾರ್ಪಡಿಸುತ್ತದೆ. ಅಂದರೆ ದೇಹದ ಉಳಿದ ಭಾಗಕ್ಕೆ ಸುದ್ದಿಯೇ ಇಲ್ಲದಂತೆ ಮಿದುಳಿನ ಆ ಒಂದು ಮೂಲೆಯಲ್ಲಿ ಮಾತ್ರ ಬೇಸಿಗೆ ಆರಂಭವಾಗುತ್ತದೆ. ಸಸ್ತನಿಗಳಲ್ಲಿಯೂ ಇದೇ ಏರ್ಪಾಡು; ಅವುಗಳಲ್ಲಿ ಟಿಎಸ್‌ಎಚ್‌ನ ಕೀಲಿ ಮೆಲಟೊನಿನ್ ಕೈಯಲ್ಲಿದೆ, ರಾತ್ರಿ ಉದ್ದವಾದರೆ ಟಿಎಸ್‌ಎಚ್ ಅಡಗುತ್ತದೆ. ವಿಶೇಷವೆಂದರೆ ಹ್ಯಾಮ್‌ಸ್ಟರ್‌ನಲ್ಲಿಯೂ ಕುರಿಯಲ್ಲಿಯೂ ದೀರ್ಘಹಗಲಿನಲ್ಲಿ ಈ ಟಿ3 ಏರುತ್ತದೆ. ಇಲ್ಲಿಯವರೆಗೆ ಇಬ್ಬರ ದಾರಿಯೂ ಒಂದೇ. ಒಂದು ಪ್ರಾಣಿಗೆ ಅದು ಸಂತಾನಕಾಲವಾಗಿ, ಇನ್ನೊಂದಕ್ಕೆ ವಿರಾಮವಾಗಿ ಕವಲೊಡೆಯುವುದು ಇನ್ನೂ ಮುಂದೆ, ಸಂತಾನೋತ್ಪತ್ತಿಯ ಹಾರ್ಮೋನುಗಳನ್ನು ಬಿಡುಗಡೆ ಮಾಡಿಸುವ ನರಕೋಶಗಳ ಮಟ್ಟದಲ್ಲಿ. ಉಣ್ಣೆ, ತುಪ್ಪಳಗಳ ಬದಲಾವಣೆಯ ದಾರಿ ಬೇರೆ. ಅದು ಪ್ರೊಲ್ಯಾಕ್ಟಿನ್ ಹಾರ್ಮೋನಿನ ಏರಿಳಿತದಿಂದ ನಡೆಯುತ್ತದೆ. ಸೈಬೀರಿಯಾದ ಹ್ಯಾಮ್‌ಸ್ಟರ್ ಚಳಿಗಾಲದಲ್ಲಿ ಬೆಳ್ಳಗಾಗುವುದು ಪ್ರೊಲ್ಯಾಕ್ಟಿನ್ ಇಳಿದಾಗ.

ಗಮನವಿಟ್ಟು ಕೇಳಿದವರಿಗೆ ಇಷ್ಟರಲ್ಲಿ ಒಂದು ಆಕ್ಷೇಪ ಹೊಳೆದಿರಬೇಕು. ಮಾರ್ಚ್ 21ರ ಹಗಲೂ ಸೆಪ್ಟೆಂಬರ್ 23ರ ಹಗಲೂ ಒಂದೇ ಉದ್ದ. ಒಂದರ ಮುಂದೆ ಬೇಸಿಗೆಯಿದೆ, ಇನ್ನೊಂದರ ಮುಂದೆ ಚಳಿ. ಬರೀ ಅಳತೆ ಗೊತ್ತಿದ್ದರೆ ಸಾಲದು, ಅಳತೆ ಯಾವ ಕಡೆಗೆ ಸಾಗುತ್ತಿದೆ ಎಂಬುದೂ ಗೊತ್ತಿರಬೇಕು. ಅದಕ್ಕೆ ನೆನಪು ಬೇಕು. ಈ ನೆನಪು ಪ್ರಾಣಿಗಳಲ್ಲಿ ನಿಜಕ್ಕೂ ಇದೆ. ಉದ್ದವಾದ ಹಗಲುಗಳಿಂದ 14 ಗಂಟೆಯ ಹಗಲಿಗೆ ಬಂದ ಪ್ರಾಣಿ ಅದನ್ನು ಕುಗ್ಗುವಿಕೆಯೆಂದೂ, ಗಿಡ್ಡ ಹಗಲುಗಳಿಂದ ಅದೇ 14 ಗಂಟೆಗೆ ಬಂದ ಪ್ರಾಣಿ ಅದನ್ನು ಬೆಳವಣಿಗೆಯೆಂದೂ ಗ್ರಹಿಸುತ್ತದೆ. ಇನ್ನೂ ಅಚ್ಚರಿಯ ಸಂಗತಿಯೆಂದರೆ, ಬೆಟ್ಟದ ವೋಲ್ ಎಂಬ ಇಲಿಗಳಲ್ಲಿಯೂ ಸೈಬೀರಿಯಾದ ಹ್ಯಾಮ್‌ಸ್ಟರ್‌ಗಳಲ್ಲಿಯೂ ಈ ನೆನಪು ಮರಿ ಹುಟ್ಟುವ ಮೊದಲೇ ಆರಂಭವಾಗುತ್ತದೆ. ತಾಯಿಯ ಮೆಲಟೊನಿನ್ ಜರಾಯುವನ್ನು (ಮಾಸನ್ನು) ದಾಟಿ ಗರ್ಭದ ಮರಿಗೆ ತಲುಪುತ್ತದೆ. ಕಣ್ಣು ತೆರೆಯದ, ಹಗಲನ್ನೇ ಕಾಣದ ಮರಿಗೆ ಹೊರಗಿನ ದಿನಗಳು ಬೆಳೆಯುತ್ತಿವೆಯೋ ಕುಗ್ಗುತ್ತಿವೆಯೋ ಎಂಬುದು ಗೊತ್ತಾಗಿರುತ್ತದೆ. ವಸಂತದಲ್ಲಿ ಹುಟ್ಟಿದ ಮರಿ ಅದೇ ವರ್ಷ ಬೇಗನೆ ಪ್ರಾಯಕ್ಕೆ ಬರುತ್ತದೆ, ಶರತ್ಕಾಲದಲ್ಲಿ ಹುಟ್ಟಿದ್ದು ಮುಂದಿನ ವಸಂತದವರೆಗೆ ಕಾಯುತ್ತದೆ.

ಈಗ ನಮ್ಮ ಊರಿನ ಮಾತು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಎಡ್ಮಂಟನ್ನಿನಲ್ಲಿ ಅದು ಒಂಬತ್ತು ಗಂಟೆಗೂ ಹೆಚ್ಚು. ಅಲ್ಲಿ ಮಾರ್ಚ್‌ನಲ್ಲಿ ದಿನಕ್ಕೆ ನಾಲ್ಕು ನಿಮಿಷದಂತೆ ಹಗಲು ಬೆಳೆದರೆ ಇಲ್ಲಿ ಬೆಳೆಯುವುದು ಒಂದು ನಿಮಿಷಕ್ಕೂ ಕಡಿಮೆ. ಸಂಕ್ರಾಂತಿಗೆ ಉತ್ತರಾಯಣ ಎನ್ನುತ್ತೇವೆ, ಆದರೆ ಸೂರ್ಯ ಉತ್ತರಕ್ಕೆ ತಿರುಗಿ ಆಗಲೇ ಮೂರು ವಾರಗಳಾಗಿರುತ್ತವೆ. ಆಗಲೂ ಬೆಂಗಳೂರಿನ ಸೂರ್ಯೋದಯ ದಿನದಿನಕ್ಕೆ ತಡವಾಗುತ್ತಲೇ ಇರುತ್ತದೆ, ಬೆಳೆದ ಹಗಲೆಲ್ಲ ಸಂಜೆಯ ಪಾಲಿಗೆ ಸೇರುತ್ತದೆ. ಇಷ್ಟು ಸೂಕ್ಷ್ಮ ಬದಲಾವಣೆಯನ್ನು ನಂಬಿ ಯಾವ ಪ್ರಾಣಿ ಬದುಕೀತು ಎಂಬ ಅನುಮಾನ ಸಹಜ. ಮಳೆ ಮತ್ತು ಮೇವನ್ನು ನಂಬಿದ ಪ್ರಾಣಿಗಳೇ ಇಲ್ಲಿ ಹೆಚ್ಚು ಎಂಬುದೂ ನಿಜ. ಬಂಡೀಪುರದಲ್ಲಿ ವರ್ಷದ ಯಾವ ತಿಂಗಳು ಹೋದರೂ ಗಟ್ಟಿ ಕೊಂಬಿನ ಜಿಂಕೆಯೂ ಮಕಮಲ್ಲಿನಂಥ ಎಳೆ ಕೊಂಬಿನ ಜಿಂಕೆಯೂ ಕಾಣಸಿಗುತ್ತವೆ. ಸ್ಕಾಟ್ಲೆಂಡಿನ ಕೆಂಪು ಜಿಂಕೆಗಳಂತೆ ಎಲ್ಲವೂ ಒಟ್ಟಿಗೆ ಕೊಂಬು ಉದುರಿಸುವ ಶಿಸ್ತು ಇಲ್ಲಿಲ್ಲ. ನಮ್ಮ ಬನ್ನೂರು ಕುರಿಗೂ ಅಕ್ಟೋಬರ್‌ಗಾಗಿ ಕಾಯುವ ಕಟ್ಟುಪಾಡಿಲ್ಲ.

ಆದರೆ ಉಷ್ಣವಲಯದಲ್ಲಿ ಹಗಲಿನ ಉದ್ದಕ್ಕೆ ಬೆಲೆಯೇ ಇಲ್ಲ ಎಂದು ಹೇಳುವಂತಿಲ್ಲ. ಪನಾಮಾದ ಕಾಡಿನಲ್ಲಿ ಚುಕ್ಕೆಯ ಇರುವೆಹಕ್ಕಿ ಎಂದು ಕರೆಯಬಹುದಾದ ಒಂದು ಹಕ್ಕಿಯಿದೆ. 9 ಡಿಗ್ರಿ ಅಕ್ಷಾಂಶದಲ್ಲಿ ವಾಸಿಸುವ ಅದು ಹಗಲು ಕೇವಲ 17 ನಿಮಿಷ ಹೆಚ್ಚಿದ್ದಕ್ಕೂ ಸ್ಪಂದಿಸುತ್ತದೆ ಎಂದು ಮಿಖಾಯೆಲಾ ಹಾವ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ನಮ್ಮ ಉತ್ತರ ಕರ್ನಾಟಕದ ಜೋಳದ ಹೊಲಗಳಿಗೆ ಚಳಿಗಾಲದಲ್ಲಿ ಹಿಂಡುಹಿಂಡಾಗಿ ಇಳಿಯುವ ಕಪ್ಪು ತಲೆಯ ಬಂಟಿಂಗ್ ಹಕ್ಕಿಗಳನ್ನು ಉತ್ತರ ಭಾರತದ ಪ್ರಯೋಗಾಲಯಗಳಲ್ಲಿ ದಶಕಗಳ ಕಾಲ ಅಭ್ಯಸಿಸಿದ್ದಾರೆ, ವಿನೋದ್ ಕುಮಾರ್ ಅವರ ತಂಡ ಅದರಲ್ಲಿ ಮುಖ್ಯವಾದದ್ದು. ಹಗಲು ಸುಮಾರು 12 ಗಂಟೆಯ ಗಡಿ ದಾಟಿದರೆ ಸಾಕು, ಪಂಜರದಲ್ಲಿರುವ ಬಂಟಿಂಗ್‌ನ ಮೈಗೆ ಕೊಬ್ಬು ತುಂಬುತ್ತದೆ, ವೃಷಣ ಬೆಳೆಯುತ್ತದೆ, ಹಗಲಿನಲ್ಲಿ ಚಟುವಟಿಕೆಯಿಂದಿರುವ ಆ ಹಕ್ಕಿ ರಾತ್ರಿಯೆಲ್ಲ ಕೂರುಕೋಲಿನ ಮೇಲೆ ರೆಕ್ಕೆ ಬಡಿಯುತ್ತ ಚಡಪಡಿಸುತ್ತದೆ. ಅದರ ಬಂಧುಗಳು ಆ ಹೊತ್ತಿಗೆ ಪಶ್ಚಿಮ ಏಷ್ಯಾದ ಕಡೆಗೆ ಹಾರಲು ಅಣಿಯಾಗಿರುತ್ತವೆ.

ಉಪನ್ಯಾಸದ ನಂತರ ವಿದ್ಯಾರ್ಥಿನಿಯೊಬ್ಬರು ಬೀದಿದೀಪಗಳ ಬಗ್ಗೆ ಕೇಳಿದರು. ಜರ್ಮನಿಯಲ್ಲಿ ಕಪ್ಪು ಥ್ರಶ್ ಹಕ್ಕಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವನ್ನು ಅವರಿಗೆ ಹೇಳಿದೆ. ಅಲ್ಲಿ ರಾತ್ರಿ ಪಂಜರದೊಳಗೆ ಬಿಟ್ಟದ್ದು 0.3 ಲಕ್ಸ್ ಬೆಳಕು, ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು. ಅಷ್ಟಕ್ಕೇ ಹಕ್ಕಿಗಳ ವೃಷಣ ಸುಮಾರು ಒಂದು ತಿಂಗಳು ಮೊದಲೇ ಬೆಳೆಯಿತು. ನಡುರಾತ್ರಿಯ ಬೆಳಕು ಏನು ಮಾಡಬಲ್ಲದು ಎಂಬ ಹ್ಯಾಮ್‌ಸ್ಟರ್‌ಗಳ ಪಾಠವನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ. ಗೂಡಿನಲ್ಲಿ ಮರಿಗಳಿರುವಾಗ ಅವಕ್ಕೆ ಬೇಕಾದ ಹುಳಗಳು ಹುಟ್ಟಿರುತ್ತವೆಯೇ ಎಂಬುದು ಮುಂದಿನ ಪ್ರಶ್ನೆ. ಹುಳಗಳು ಮುಖ್ಯವಾಗಿ ಶಾಖವನ್ನು ಅನುಸರಿಸುತ್ತವೆ, ಹಕ್ಕಿಗಳು ಬೆಳಕನ್ನು. ನೆದರ್‌ಲ್ಯಾಂಡ್ಸ್‌ನಲ್ಲಿ ಭೂಮಿ ಬಿಸಿಯಾದಂತೆ ಕಂಬಳಿಹುಳಗಳ ಕಾಲ ಮೊದಲಿಗಿಂತ ಬೇಗ ಬಂದು, ದೊಡ್ಡ ಚೇಕಡಿ ಹಕ್ಕಿಯ ಗೂಡಿನ ಕಾಲ ಅದರೊಡನೆ ಹೊಂದದೆ ಹೋದದ್ದನ್ನು ಮಾರ್ಸೆಲ್ ವಿಸ್ಸರ್ ಮತ್ತವರ ಸಂಗಡಿಗರು 1998ರಿಂದಲೂ ದಾಖಲಿಸುತ್ತ ಬಂದಿದ್ದಾರೆ.

ಎರಡನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರದು. “ಕೋಳಿಗೆ ಲೈಟು ಹಾಕಿದ ಹಾಗೆ ಎಮ್ಮೆ ಕೊಟ್ಟಿಗೆಗೂ ರಾತ್ರಿ ಲೈಟು ಹಾಕಿದರೆ ಬೇಸಿಗೆಯಲ್ಲಿ ಬೆದೆಗೆ ಬರುತ್ತದೆಯೇ ಸಾರ್?” ಎಂದು ಅವರು ಕೇಳಿದರು. ಇಡೀ ಸಂಜೆಯಲ್ಲಿ ಬಂದ ಅತ್ಯುತ್ತಮ ಪ್ರಶ್ನೆ ಅದು. ಎಮ್ಮೆಯ ಗರ್ಭಾವಧಿ ಸುಮಾರು 310 ದಿನ. ಹಗಲು ಕುಗ್ಗುವ ಸೆಪ್ಟೆಂಬರ್‌ನಿಂದ ಜನವರಿಯವರೆಗೆ ಅದು ಹೆಚ್ಚಾಗಿ ಬೆದೆಗೆ ಬಂದು, ಮುಂದಿನ ಮಳೆಗಾಲದಲ್ಲಿಯೋ ಅದರ ಬೆನ್ನಿಗೋ, ಹಸಿರು ಮೇವಿರುವಾಗ ಈಯುತ್ತದೆ. ಕುರಿಯಂತೆ ಅದೂ ಹ್ರಸ್ವಹಗಲಿನ ಕಡೆಯ ಪ್ರಾಣಿ. ಇಟಲಿಯ ಎಮ್ಮೆಗಳಲ್ಲಿ ಇದು ಇನ್ನೂ ಸ್ಪಷ್ಟ. ಬೇಸಿಗೆಯಲ್ಲಿ ಮೊಝರೆಲ್ಲಾ ಚೀಸಿಗೆ ಬೇಡಿಕೆ ಹೆಚ್ಚಿರುವಾಗ ಹಾಲು ಸಿಗಲೆಂದು ಅಲ್ಲಿನವರು ಅಕಾಲದಲ್ಲಿ ಗಬ್ಬ ಕಟ್ಟಿಸಲು ಪಡುವ ಪಾಡು ಅಷ್ಟಿಷ್ಟಲ್ಲ. ಹಾಗಾಗಿ ಲೈಟು ಹಾಕಿದರೆ ಎಮ್ಮೆಗೆ ರಾತ್ರಿ ಇನ್ನೂ ಗಿಡ್ಡವಾಗಿ, ಆಗುವುದು ತಿರುಗುಮುರುಗು ಎಂದು ಹೇಳಿದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಎಮ್ಮೆಗೆ ಹಗಲಿನ ಉದ್ದಕ್ಕಿಂತ ದೊಡ್ಡ ಕಷ್ಟ ಬಿಸಿಲಿನದು. ಕಪ್ಪು ಚರ್ಮ, ಬೆವರುಗ್ರಂಥಿಗಳೂ ಕಡಿಮೆ. ಎಷ್ಟೋ ಎಮ್ಮೆಗಳಿಗೆ ಬೇಸಿಗೆಯಲ್ಲಿ ಬೆದೆ ಬಂದರೂ ಕೂಗದೆ ಮೂಕವಾಗಿ ಕಳೆದುಹೋಗುತ್ತದೆ. ನಡುಹಗಲಿನಲ್ಲಿ ನೆರಳು, ದಿನಕ್ಕೆರಡು ಸಲ ಮೈಮೇಲೆ ನೀರು ಅಥವಾ ಕೆರೆಯ ಕೆಸರು, ಒಂದಿಷ್ಟು ಹಸಿರು ಮೇವು, ಮುಂಜಾನೆ ಮತ್ತು ಸಂಜೆ ಕೊಟ್ಟಿಗೆಗೆ ಹೋಗಿ ಬೆದೆಯ ಗುರುತನ್ನು ಕಣ್ಣಿಟ್ಟು ನೋಡುವುದು, ಇವನ್ನು ಮೊದಲು ಮಾಡಿ ಎಂದೆ. “ಕೆರೆಯಲ್ಲಿ ನೀರೇ ಇಲ್ಲವಲ್ಲ” ಎಂದರು ಅವರು, ಬೋರ್‌ವೆಲ್ ಪೈಪಿನಲ್ಲಿ ತೊಳೆದರೆ ಸಾಕೇ ಎಂದೂ ಕೇಳಿದರು. ಸಾಕು ಎಂದೆ.